ವೀಟಿಯರ್ ಅಂದರೆ ಗೋಧಿತೆನೆಯೇ?

ಹಕ್ಕಿಪಟ್ಟಿ:
ಇಂಗ್ಲೆಂಡಿನ ಹಕ್ಕಿಗಳ ಹೆಸರು ಕನ್ನಡಕ್ಕೆ ತರುವಾಗ ‘ನಾರ್ದರ್ನ್ ವೀಟಿಯರ್’ ಹತ್ತಿರ ಸಿಕ್ಕಿಕೊಂಡೆ. ವೀಟ್ ಗೋಧಿ, ಇಯರ್ ತೆನೆ. ‘ಗೋಧಿತೆನೆ ಹಕ್ಕಿ’ ಅನ್ನಬಹುದಾ? ಆದರೆ ಇದು ತಿನ್ನೋದು ಹುಳಹುಪ್ಪಟೆ, ಇರೋದು ಕಲ್ಲುಗುಡ್ಡದಲ್ಲಿ.

ಪದಗಂಟು:
ಗೋಧಿಯೂ ಅಲ್ಲ, ತೆನೆಯೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಹ್ವೀಟ್’ ಎಂದರೆ ಬಿಳಿ, ‘ಆರ್ಸ್’ ಎಂದರೆ ಕುಂಡೆ. ಹಕ್ಕಿ ನೆಲ ಬಿಟ್ಟೇಳುತ್ತಲೇ ಬೆನ್ನಿನ ಕೆಳಗೆ ಅಚ್ಚ ಬಿಳುಪು, ಬಾಲದ ಮೇಲೆ ತಲೆಕೆಳಗಾದ ಕಪ್ಪು ‘ಟಿ’ ಕಾಣುತ್ತದೆ. ಫ್ರೆಂಚರೂ ಇದನ್ನು ‘ಕ್ಯು ಬ್ಲಾಂ’ ಅಂದರು, ಅದೇ ಅರ್ಥ. ಎಡವಟ್ಟಾಗಿದ್ದು ಕೊನೆಯ ‘ಸ್’ನಲ್ಲಿ. ‘ವೀಟಿಯರ್ಸ್’ ಏಕವಚನವೇ ಆಗಿತ್ತು. ಬಹುವಚನ ಅಂದುಕೊಂಡು ಜನ ‘ಸ್’ ಕತ್ತರಿಸಿದರು. ‘ಪೀಸ್’ ಎಂಬ ಬಟಾಣಿ ‘ಪೀ’ ಆಗಿದ್ದೂ ಹೀಗೇ.

ಹುಲ್ಲುಗಾವಲು:
ಗೋಧಿ ಅಂಟಿಕೊಂಡಿದ್ದಕ್ಕೂ ಕಾರಣವಿದೆ. ಸಸೆಕ್ಸ್ ದಿಬ್ಬಗಳ ಕುರುಬರು ಇದನ್ನು ಹಿಡಿದು ಮಾರುತ್ತಿದ್ದರು. ಹುಲ್ಲುಹೆಂಟೆ ಕತ್ತರಿಸಿ, ಆ ಗುಂಡಿಯ ಮೇಲೇ ಮಗುಚಿಟ್ಟು, ಒಳಗೆ ಕುದುರೆಕೂದಲಿನ ಕುಣಿಕೆ ಕಟ್ಟುವುದು. ಮೋಡದ ನೆರಳು ಬಿದ್ದರೂ ಹಕ್ಕಿ ಬೆದರಿ ಸಂದಿಗೆ ನುಗ್ಗಿ ಸಿಕ್ಕಿಬೀಳುತ್ತಿತ್ತು. ಅದು ವಲಸೆಗೆ ಮುನ್ನ ಕೊಬ್ಬುವುದು ಗೋಧಿ ಕೊಯ್ಲಿನ ಹೊತ್ತಿಗೇ. ಕಿವಿಗೆ ಬಿದ್ದ ಸದ್ದಿಗೆ ಕಣ್ಣೆದುರಿನ ಅರ್ಥ ಹೊಂದಿಕೊಂಡಿತು.

ಪದಗಂಟು:
ಇಂಥ ಹೆಸರನ್ನು ಇವತ್ತಿನ ಇಂಗ್ಲಿಷ್ ನಿಘಂಟು ಹಿಡಿದು ಒಡೆಯಬೇಡಿ. ಮೊದಲು ಹಳೆಯ ರೂಪ ನೋಡಿ, ಆಮೇಲೆ ಡಚ್, ಜರ್ಮನ್ ಪದ, ಕಡೆಗೆ ಹಕ್ಕಿಯ ಮೈ. ‘ರೆಡ್‌ಸ್ಟಾರ್ಟ್’ನ ‘ಸ್ಟಾರ್ಟ್’ಗೂ ಶುರುವಿಗೂ ಸಂಬಂಧವಿಲ್ಲ, ಹಳೆಯ ‘ಸ್ಟೆಯೋರ್ಟ್’ ಎಂದರೆ ಬಾಲ, ಡಚ್ಚರಿಗೆ ಇಂದಿಗೂ ‘ಸ್ಟಾರ್ಟ್’ ಬಾಲವೇ. ಎರಡೂ ನಮ್ಮ ‘ಮುಕ್ಕಣ್ಣ’ನ ಹಾಗೆ ಬಹುವ್ರೀಹಿ: ಕೆಂಪು ಬಾಲ ಉಳ್ಳದ್ದು, ಬಿಳಿ ಕುಂಡೆ ಉಳ್ಳದ್ದು. ‘ನಟ್‌ಹ್ಯಾಚ್’ ಮಾತ್ರ ಬೇರೆ. ಅಲ್ಲಿನ ‘ಹ್ಯಾಚ್’ ಮರಿ ಮಾಡುವುದಲ್ಲ, ಕಾಯಿ ಕುಟ್ಟುವುದು; ನಮ್ಮ ಮರಕುಟಿಗನ ಸಾಲಿಗೆ ಸೇರಿಸಿ.

ಹಕ್ಕಿಪಟ್ಟಿ:
ಹಾಗಾದರೆ ‘ಬಿಳಿಗುಂಡೆ’ ಅಂತಲೇ ಬರೆಯಲಾ? ಮಕ್ಕಳೂ ಓದುವ ಪಟ್ಟಿ ಇದು.

ಪದಗಂಟು:
ಧಾರಾಳವಾಗಿ. ಮಕ್ಕಳಿಗೆ ಬಾಯಿಪಾಠ ಆಗುವ ಮೊದಲ ಹೆಸರೇ ಅದಾದೀತು! ಮಡಿವಂತಿಕೆ ಬೇಕಿದ್ದರೆ ‘ಬಿಳಿಪೃಷ್ಠ’ ಇದೆ, ನನಗೇನೋ ಹಿಡಿಸಲ್ಲ.

ಹುಲ್ಲುಗಾವಲು:
ಈ ಒಂದು ಹಕ್ಕಿಗೆ ಸರಿ, ಇಡೀ ಕುಲಕ್ಕೆ ಇಡಬೇಡಿ. ಉತ್ತರ ಆಫ್ರಿಕಾದಲ್ಲಿ ‘ರೆಡ್‌-ರಂಪ್ಡ್ ವೀಟಿಯರ್’ ಇದೆ. ಅನುವಾದಿಸಿದರೆ ‘ಕೆಂಪು ಕುಂಡೆಯ ಬಿಳಿಗುಂಡೆ’.