ಪದಚರ್ಚೆ: ಡಿಸ್ಕ್ ‘ಸುಡು’ವುದೋ, ‘ಬರೆ’ಯುವುದೋ?

ಹಿರಿಯರಿಗೂ ಗೆಳೆಯರಿಗೂ ಶರಣು.

ಸಿಡಿ, ಡಿವಿಡಿಗೆ ವಿಡಿಯೊ ಹಾಕುವ ಕೆಲಸಕ್ಕೆ ‘ಬರ್ನ್’ ಅನ್ನುತ್ತಾರಲ್ಲ, ಅದನ್ನು ಕನ್ನಡದಲ್ಲಿ ಏನನ್ನೋಣ?

ಕೇಳುವುದಕ್ಕೆ ಕಾರಣವಿದೆ. ನಮ್ಮ ಚಿಗವ್ವನ ಮದುವೆ ಆದದ್ದು ಹಳೇ ಬಾಗಲಕೋಟೆಯಲ್ಲಿ. ಆ ಓಣಿ ಈಗ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಮನೆಯವರೆಲ್ಲ ನವನಗರಕ್ಕೆ ಬಂದು ಎಷ್ಟೋ ವರ್ಷವಾಯಿತು. ಬೀಗರು ಬಂದು ಕುಂತ ಕಟ್ಟೆ, ಮೆರವಣಿಗೆ ಹಾದ ದಾರಿ ಉಳಿದಿರುವುದು ಮೂರು ತಾಸಿನ ಒಂದು ವಿಡಿಯೊ ಕ್ಯಾಸೆಟ್ಟಿನಲ್ಲಿ ಮಾತ್ರ. ಅದನ್ನು ಎಂಪಿ4 ಮಾಡಿಸಿ ಪೆನ್‌ಡ್ರೈವಿನಲ್ಲಿ ಇಟ್ಟಿದ್ದೆ. ಚಿಗವ್ವನಿಗೆ ಮೊಬೈಲಿನಲ್ಲಿ ನೋಡಿ ಸಮಾಧಾನವಿಲ್ಲ, ಟಿವಿ ಪಕ್ಕದ ಹಳೆಯ ಡಿವಿಡಿ ಪ್ಲೇಯರಿನಲ್ಲೇ ಹಾಕಿ ನೋಡಬೇಕು. “ಬರ್ನ್ ಮಾಡಾಕ ಕೊಟ್ಟೀನಿ ಚಿಗವ್ವ” ಅಂದೆ. “ಹಂಗಂದ್ರ?” ಅಂದಳು. “ಸುಡೂದು” ಅಂದುಬಿಟ್ಟೆ. “ಊರ ನೀರಿಗೆ ಹೋತು. ಉಳಿದಿದ್ದ ಮದುವಿನೂ ಸುಡತಿಯೇನೋ ತಮ್ಮಾ?” ಅಂದಳು. ಅಂದಿನಿಂದ ಆ ಮಾತು ನನ್ನ ಬಾಯಿಗೆ ಬಂದಿಲ್ಲ.

‘ಸುಡು’ ಪೂರ್ತಿ ಕೆಟ್ಟ ಪದ ಅಂತಲ್ಲ. ಇಟ್ಟಂಗಿ ಸುಡುತ್ತೇವೆ, ಗಡಿಗೆ ಸುಡುತ್ತೇವೆ. ಅಲ್ಲಿ ಸುಡುವುದೆಂದರೆ ಗಟ್ಟಿ ಮಾಡುವುದು. ಆದರೆ ಮದುವೆ, ತೊಟ್ಟಿಲು, ಗೃಹಪ್ರವೇಶಗಳ ಪಕ್ಕದಲ್ಲಿ ಅದೇ ಪದ ಸುಡುಗಾಡನ್ನೇ ನೆನಪಿಗೆ ತರುತ್ತದೆ.

ನನಗೆ ಸರಿ ಕಂಡದ್ದು ‘ಬರೆ’. ಅಂಗಡಿಗಳಲ್ಲಿ ‘ರೈಟ್ ಮಾಡಿ ಕೊಡ್ರಿ’ ಅನ್ನುವುದು ರೂಢಿಯಲ್ಲೇ ಇದೆ, ಅದರ ಅನುವಾದವಾಗಿಯೂ ‘ಬರೆ’ ಸಲ್ಲುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ‘ಬರೆ’, ಕಾದ ಕಬ್ಬಿಣದಿಂದ ಎಳೆಯುವ ಬರೆ. ಹುಲಿಯನ್ನು ನೋಡಿ ನರಿ ಹಾಕಿಕೊಂಡಿತಲ್ಲ, ಆ ಬರೆ. ಡಿಸ್ಕಿನಲ್ಲಿ ನಡೆಯುವುದೂ ನಿಜವಾಗಿ ಅದೇ. ಒಮ್ಮೆ ಮಾತ್ರ ಬರೆಯುವ ಡಿವಿಡಿಯಲ್ಲಿ ಬಣ್ಣದ ತೆಳ್ಳನೆಯ ಪದರವಿರುತ್ತದೆ. 650 ನ್ಯಾನೊಮೀಟರಿನ ಕೆಂಪು ಲೇಸರ್ ಅದನ್ನು ಚುಕ್ಕೆ ಚುಕ್ಕೆಯಾಗಿ ಕಾಯಿಸುತ್ತದೆ, ಕಾದ ಜಾಗ ಬೆಳಕನ್ನು ಮೊದಲಿನಂತೆ ಹಿಂದಿರುಗಿಸುವುದಿಲ್ಲ. ಬೂದಿಯಾಗುವುದು ಏನೂ ಇಲ್ಲ, ಗುರುತು ಬೀಳುತ್ತದೆ, ಆ ಗುರುತೇ ಅಕ್ಷರ. ಸುಡುವುದು, ಬರೆಯುವುದು ಎರಡನ್ನೂ ಒಂದೇ ಪದದಲ್ಲಿ ಹಿಡಿಯುವ ಭಾಗ್ಯ ಕನ್ನಡಕ್ಕಿರುವಾಗ ಅದನ್ನು ಯಾಕೆ ಬಿಡಬೇಕು? ಕಾರ್ಖಾನೆಯಲ್ಲಿ ಅಚ್ಚಿನಿಂದ ತಯಾರಾಗುವ ಸಿನಿಮಾ ಡಿಸ್ಕಿಗೆ ‘ಒತ್ತಿದ ಡಿಸ್ಕ್’ ಅಂದರೆ ವ್ಯತ್ಯಾಸವೂ ನಿಚ್ಚಳವಾಗುತ್ತದೆ.

ಒಂದು ತೊಡಕು ಮಾತ್ರ ಉಂಟು. ನಮ್ಮ ಕಡೆ ಬಾಯಲ್ಲಿ ‘ಬರೆ’ ಹೋಗಿ ‘ಬರಿ’ ಆಗುತ್ತದೆ, ‘ಬರಿ ಡಿಸ್ಕ್’ ಅಂದರೆ ಖಾಲಿ ಡಿಸ್ಕ್! ‘ಬರೆದ ಡಿಸ್ಕ್’ ಅಂದರೆ ಗೊಂದಲವಿಲ್ಲ ಅನ್ನಿಸುತ್ತದೆ.

ಇನ್ನು ‘ಕನ್ವರ್ಟ್’ (ಫೈಲಿನ ರೂಪ ಬದಲಿಸುವುದು), ‘ಎನ್‌ಕೋಡ್’ (ವಿಡಿಯೊವನ್ನು ಒಂದು ಸಂಕೇತ ಪದ್ಧತಿಗೆ ಇಳಿಸುವುದು). ಎರಡಕ್ಕೂ ‘ಪರಿವರ್ತನೆ’ ಅಂದು ಕೈ ತೊಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ನಾನೇ ಉಂಡಿದ್ದೇನೆ. ‘ಡಿವಿಡಿ ಮಾಡಿಕೊಡ್ರಿ’ ಅಂತ ಒಂದು ಅಂಗಡಿಯಲ್ಲಿ ಹೇಳಿದೆ. ಅವರು ಎಂಪಿ4 ಫೈಲನ್ನು ಇದ್ದಂತೆಯೇ ಡಿಸ್ಕಿಗೆ ಬರೆದು ಕೊಟ್ಟರು. ಚಿಗವ್ವನ ಪ್ಲೇಯರ್ ಅದನ್ನು ಓದಲಿಲ್ಲ. ಅದಕ್ಕೆ ಬೇಕಾದದ್ದು ಎಂಪೆಗ್-2, ಅಂದರೆ ಡಿವಿಡಿಗೆ ವಿಡಿಯೊವನ್ನು ಅಡಕ ಮಾಡುವ ಪದ್ಧತಿ. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ 720×576 ಅಳತೆ, ಸೆಕೆಂಡಿಗೆ 25 ಚಿತ್ರ. ಎರಡನೇ ಸಲ ಹೋದಾಗ ಇನ್ನೊಂದು ಅಂಗಡಿಯ ಹುಡುಗ ಮೊದಲೇ ಕೇಳಿದ, “ಡಾಟಾ ಬೇಕೇನ್ರಿ, ಪ್ಲೇಯರ್‌ದಾಗ ನಡಿಯೂದು ಬೇಕೇನ್ರಿ?” ಡಾಟಾ ಅಂದರೆ ಫೈಲನ್ನು ಇದ್ದಂತೆಯೇ ಬರೆಯುವುದು. ಎಷ್ಟು ಸರಿಯಾದ ಪ್ರಶ್ನೆ! ಮೂರು ತಾಸನ್ನು 4.7 ಜಿಬಿಯ ಒಂದೇ ಡಿಸ್ಕಿಗೆ ತುರುಕಿದರೆ ಸೆಕೆಂಡಿಗೆ ಸುಮಾರು 3.5 ಮೆಗಾಬಿಟ್ ಮಾಹಿತಿಗೆ ಮಾತ್ರ ಜಾಗ ಸಿಗುತ್ತದೆ, ಮೆರವಣಿಗೆಯಲ್ಲಿ ಮುಖಗಳು ಕಲಸಿಹೋಗುತ್ತವೆ ಅಂತ ಹೇಳಿ ಎರಡು ಡಿಸ್ಕ್ ಮಾಡಿದ.

ಇಳಕಲ್ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ನನಗೆ ತೋಚುವುದು ಮಗ್ಗದ ಮಾತು. ಒಳಗಿನ ವಿಡಿಯೊ ಹಾಗೇ ಇಟ್ಟು ಫೈಲಿನ ಹೊದಿಕೆಯನ್ನಷ್ಟೇ (ಎಂಪಿ4ನಂಥ ಹೊರರೂಪ) ಬದಲಿಸಿದರೆ ಸೀರೆ ಅದೇ, ಸುತ್ತಿದ ಅರಿವೆ ಬೇರೆ, ನಷ್ಟವಿಲ್ಲ. ಎಂಪೆಗ್-2 ಮಾಡುವುದು ಹಾಗಲ್ಲ. ನೇಯ್ದದ್ದನ್ನು ಬಿಚ್ಚಿ ಮತ್ತೆ ನೇಯಬೇಕು, ಪ್ರತಿ ಸಲವೂ ಒಂದಿಷ್ಟು ಎಳೆ ಹೋಗುತ್ತದೆ. ಮೊದಲನೆಯದಕ್ಕೆ ‘ಹೊದಿಕೆ ಬದಲು’, ಎರಡನೆಯದಕ್ಕೆ ‘ಮರುನೇಯ್ಗೆ’ ಅನ್ನಬಹುದೇ? ‘ಸಂಕೇತೀಕರಣ’ ಪಠ್ಯಪುಸ್ತಕಕ್ಕೆ ಇರಲಿ, ಅಂಗಡಿಯ ಕಟ್ಟೆಯ ಮೇಲೆ ನಿಂತು ಹೇಳುವ ಪದ ಅದಲ್ಲ.

ವಿಜಯಪುರ, ಬೆಳಗಾವಿ ಕಡೆಯವರು, ಅದರಲ್ಲೂ ಮದುವೆ ವಿಡಿಯೊ ಕೆಲಸ ಮಾಡಿದವರು ಯಾರಾದರೂ ಇದ್ದರೆ ತಿಳಿಸಿ: ಗಿರಾಕಿಗಳು ನಿಮ್ಮಲ್ಲಿ ಬಂದು ಏನಂತ ಕೇಳುತ್ತಿದ್ದರು? ಕ್ಯಾಸೆಟ್ ಕಾಲದ ‘ಹಾಡು ತುಂಬಿಸಿ ಕೊಡ್ರಿ’ ಎಂಬ ಮಾತು ಡಿಸ್ಕಿಗೂ ಬಂದಿತ್ತೇ?