ಪದಚರ್ಚೆ: ಬಂಗಾಳಿಯ ‘ಚಿಂತಾ’ ನಮ್ಮ ‘ಚಿಂತೆ’ಯೇ?

ನಮಸ್ಕಾರ. ಐದು ಮುಖ್ಯ ಗುಣಗಳನ್ನು ಅಳೆಯುವ, ಇಂಗ್ಲಿಷ್ ಮೂಲದ 44 ಹೇಳಿಕೆಗಳ ಬಿಗ್ ಫೈವ್ ವ್ಯಕ್ತಿತ್ವ ಪ್ರಶ್ನಾವಳಿಯ 19ನೆಯ ಹೇಳಿಕೆ ‘ತುಂಬಾ ಚಿಂತೆ ಮಾಡುವವರು’ ಎಂಬ ಅರ್ಥದ್ದು. ಬಂಗಾಳಿಯಲ್ಲಿ ಇದನ್ನು ‘ಖೂಬ್ ಚಿಂತಾ ಕೋರಿ’ ಎನ್ನಬಹುದೇ? ಎರಡೂ ಒಂದೇ ಸಂಸ್ಕೃತ ಪದವಲ್ಲವೇ?

ಉತ್ತರ:

ಪದ ಒಂದೇ ಸರ್, ಬಳಕೆ ಬೇರೆ. ಸಂಸ್ಕೃತದ ‘ಚಿಂತಾ’ ಆಲೋಚನೆಯೂ ಹೌದು, ಕಳವಳವೂ ಹೌದು. ಕನ್ನಡ ಅದನ್ನು ಪಾಲು ಮಾಡಿಕೊಂಡಿದೆ. ಮಗಳ ಮದುವೆಯದು ಚಿಂತೆ, ಆಕಾಶವಾಣಿಯಲ್ಲಿ ಬೆಳಿಗ್ಗೆ ಬರುವುದು ಚಿಂತನ. ಬಂಗಾಳಿಯಲ್ಲಿ ಈ ಪಾಲು ಆಗಿಲ್ಲ. ‘ಚಿಂತಾ ಕೋರೋ ನಾ’ ಅಂದರೆ ಚಿಂತೆ ಬೇಡ. ‘ಚಿಂತಾ ಕೋರೆ ದೇಖೋ’ ಅಂದರೆ ಯೋಚಿಸಿ ನೋಡು.

ತೊಡಕು ಇಲ್ಲಿದೆ: 15ನೆಯ ಹೇಳಿಕೆ ‘ಆಳವಾಗಿ ಯೋಚಿಸುವವರು’ ಎಂಬುದು. ಅದಕ್ಕೂ ‘ಚಿಂತಾ’ ಬಳಸಿದರೆ ಎರಡನ್ನೂ ಒಂದೇ ಎಂದು ಓದಿಕೊಂಡವರು ಎರಡಕ್ಕೂ ಒಂದೇ ಅಂಕ (1ರಿಂದ 5ರೊಳಗೆ, ಒಪ್ಪಿದಷ್ಟೂ ಹೆಚ್ಚು) ಹಾಕುತ್ತಾರೆ. ಆತಂಕ ಅಳೆಯಬೇಕಾದ 19, ಯಾವ ಹೇಳಿಕೆಗಳು ಒಂದೇ ಗುಂಪಿಗೆ ಸೇರುತ್ತವೆ ಎಂದು ಲೆಕ್ಕ ಹಾಕಿ ನೋಡುವ ಫ್ಯಾಕ್ಟರ್ ಅನಾಲಿಸಿಸ್‌ನಲ್ಲಿ 15 ಸೇರಿರುವ ಹೊಸ ವಿಚಾರಗಳ ಗುಂಪಿನತ್ತ ವಾಲುತ್ತದೆ. ಆತಂಕಕ್ಕೆ ಇರುವುದೇ 8 ಹೇಳಿಕೆ, ಒಂದು ಕೆಟ್ಟರೂ ವಿಶ್ವಾಸಾರ್ಹತೆ ಕುಗ್ಗುತ್ತದೆ.

ಮರುಅನುವಾದ, ಅಂದರೆ ಬಂಗಾಳಿಯನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಂದಿಗೆ ಹೋಲಿಸುವುದು, ಇದನ್ನು ಹಿಡಿಯದು. ಆ ಅನುವಾದಕರು ಮೂಲ ನೋಡಿರುವುದಿಲ್ಲ ನಿಜ, ಆದರೆ ಅಕ್ಕಪಕ್ಕದ ಹೇಳಿಕೆಗಳಿಂದ ಊಹಿಸಿ ‘ಚಿಂತೆ’ ಎಂದೇ ಬರೆದುಬಿಡುತ್ತಾರೆ. ಕಾಗದದ ಮೇಲೆ ಎಲ್ಲ ಸರಿ! ಅದರ ಬದಲು ಢಾಕಾ, ಕೋಲ್ಕತ್ತಾ ಎರಡೂ ಕಡೆಯ, ಬೇರೆ ಬೇರೆ ಓದಿನ ಮಟ್ಟದ ಎಂಟು ಹತ್ತು ಮಂದಿಗೆ ಆ ಒಂದೇ ಹೇಳಿಕೆ ಕೊಟ್ಟು, ‘4 ಹಾಕುವಾಗ ಮನಸ್ಸಿಗೆ ಬಂದದ್ದೇನು?’ ಎಂದು ಕೇಳಿ. ಪರೀಕ್ಷೆಯ ಓದು, ವ್ಯಾಪಾರದ ಲೆಕ್ಕಾಚಾರ ಬಾಯಿಗೆ ಬಂದರೆ ಪದ ಬದಲಿಸಲೇಬೇಕು.

‘ದುಶ್ಚಿಂತಾ’ ಹಾಕಿದರೆ ಗೊಂದಲ ಹೋಗುತ್ತದೆ. ಆದರೆ ಅದು ಒಂದು ಗುಂಜಿ ಹೆಚ್ಚು ತೂಕದ ಪದ, ‘ಹೌದು’ ಎನ್ನುವವರು ಕಡಿಮೆಯಾಗಬಹುದು. ಹಾಗಾದಾಗ ಹೇಳಿಕೆ ಆತಂಕವನ್ನೇ ಅಳೆದರೂ ಇಂಗ್ಲಿಷ್ ಓದುಗರ ಸರಾಸರಿಗೆ ಬಂಗಾಳಿಯ ಸರಾಸರಿ ಹೋಲಿಸುವಂತಿಲ್ಲ. ಎರಡೂ ಭಾಷೆ ಚೆನ್ನಾಗಿ ಬಲ್ಲವರಿಗೆ ಎರಡು ವಾರದ ಅಂತರದಲ್ಲಿ ಎರಡೂ ರೂಪ ಕೊಡಿ. ಅರ್ಧ ಜನಕ್ಕೆ ಬಂಗಾಳಿ ಮೊದಲು, ಉಳಿದವರಿಗೆ ಇಂಗ್ಲಿಷ್ ಮೊದಲು. ‘ಚಿಂತಾ’, ‘ದುಶ್ಚಿಂತಾ’ಗಳಲ್ಲಿ ಯಾವುದು ಮೂಲಕ್ಕೆ ಹತ್ತಿರ ಎಂಬುದು ಅಂಕಗಳಲ್ಲೇ ಕಾಣುತ್ತದೆ.

ಅಂದಹಾಗೆ, ಮನಸ್ಸು ಗಳಿಗೆಗೊಂದು ಬಗೆ ಎನ್ನುವ 29ನೆಯದಕ್ಕೆ ‘ಅಭಿಮಾನಿ’ ಬೇಡ. ನಮ್ಮಲ್ಲಿ ಅದು ರಾಜಕುಮಾರ್ ಅಭಿಮಾನಿ, ಅಲ್ಲಿ ಪ್ರೀತಿಪಾತ್ರರ ಮೇಲೆ ಮುನಿಸಿಕೊಂಡು ಮಾತು ಬಿಡುವವರು. ಮುನಿಸಿಗೆ ಎದುರಿಗೊಬ್ಬರು ಬೇಕು. ಆ ಹೇಳಿಕೆಗೆ ಬೇಕಿಲ್ಲ.