ಸಿಂಗಪುರದ ಸಣ್ಣ ಹೋಟೆಲಿಗೆ ಊರಿಂದ ಅಡುಗೆಯವರನ್ನು ಕರೆಸುವುದು: ಅನುಭವ ಇದ್ದವರು ದಯವಿಟ್ಟು ತಿಳಿಸಿ

ಕೇಳಿದವರು: ಸಸ್ಯಾಹಾರಿ ಹೋಟೆಲ್ ಮಾಲೀಕರು, ಸಿಂಗಪುರ

ಎಲ್ಲರಿಗೂ ನಮಸ್ಕಾರ. ಸೆರಂಗೂನ್ ರಸ್ತೆಯ ಬಳಿ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಪೂರ್ಣಾವಧಿಯ ಸ್ಥಳೀಯರು ಒಂಬತ್ತು ಮಂದಿ, ಮಧ್ಯಾಹ್ನದ ಊಟದ ಹೊತ್ತಿಗೆ ಮಾತ್ರ ಬರುವ ಸ್ಥಳೀಯರು ಇಬ್ಬರು, ವರ್ಕ್ ಪರ್ಮಿಟ್ (ಕಡಿಮೆ ಸಂಬಳದ ವಿದೇಶಿ ಕೆಲಸಗಾರರ ಪರವಾನಗಿ) ಮೇಲಿರುವ ಮಲೇಷ್ಯಾದವರು ಇಬ್ಬರು, ಎಸ್ ಪಾಸ್ (ಮಧ್ಯಮ ಸಂಬಳದ ಕುಶಲ ವಿದೇಶಿಯರ ಪರವಾನಗಿ) ಮೇಲಿರುವ ದೋಸೆ ಭಟ್ಟರು ಒಬ್ಬರು ಇದ್ದಾರೆ. ಈಗ ಕುಂದಾಪುರದಿಂದ ಇನ್ನೊಬ್ಬ ಅಡುಗೆಯವರನ್ನು ವರ್ಕ್ ಪರ್ಮಿಟ್ ಮೇಲೆ ಕರೆಸುವ ಯೋಚನೆಯಿದೆ. ಒಂದು ನಿಯಮ ಅರ್ಥವಾಗುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಈ ದಾರಿಯಲ್ಲಿ ಹೋಗಿಬಂದವರು ಯಾವ ಸಿದ್ಧತೆ ಮಾಡಿಕೊಂಡಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಹಿಂದೆ ಹೋಟೆಲ್ ನಡೆಸಿದವರು

ನನಗೆ ಪೆಟ್ಟು ಬಿದ್ದದ್ದು 2024ರಲ್ಲಿ. ಆಗ ನನ್ನಲ್ಲಿ ಪೂರ್ಣಾವಧಿಯ ಸ್ಥಳೀಯರು ಏಳು ಮಂದಿ ಇದ್ದರು. ಅವರಲ್ಲದೆ ನಾಲ್ವರು ಗೃಹಿಣಿಯರು ಹನ್ನೊಂದರಿಂದ ಮೂರರವರೆಗೆ ಸರದಿಯ ಮೇಲೆ ಬಂದು ತರಕಾರಿ ಹೆಚ್ಚಿ, ಊಟ ಬಡಿಸಿ ಹೋಗುತ್ತಿದ್ದರು. ಅವರಿಗೆ ತಿಂಗಳಿಗೆ ತಲಾ 750 ಡಾಲರ್ ಕೊಡುತ್ತಿದ್ದೆ. ಇಲ್ಲಿ ಎಷ್ಟು ವಿದೇಶಿಯರನ್ನು ಇಟ್ಟುಕೊಳ್ಳಬಹುದೆಂಬ ಮಿತಿ (ಕೋಟಾ) ಒಟ್ಟು ಕೆಲಸಗಾರರ ಎಣಿಕೆಯ ಮೇಲೆ ನಿಂತಿದೆ. ಸ್ಥಳೀಯರೊಬ್ಬರನ್ನು ಪೂರ್ತಿ ಒಂದು ತಲೆಯೆಂದು ಎಣಿಸಲು ಕೊಡಬೇಕಾದ ಸಂಬಳ, ಅಂದರೆ ಅರ್ಹತಾ ಸಂಬಳ, 1,400 ಡಾಲರ್ ಇದ್ದಾಗ ಅದರ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಡೆಯುವವರು ಅರ್ಧ ತಲೆಯೆಂದು ಲೆಕ್ಕಕ್ಕೆ ಬರುತ್ತಿದ್ದುದರಿಂದ ಈ ನಾಲ್ವರು ಸೇರಿ ಎರಡು ತಲೆಯಾಗಿ, ಎಸ್ ಪಾಸಿನ ಭಟ್ಟರನ್ನೂ ಕೂಡಿಸಿ ಒಟ್ಟು ಹತ್ತಾಗುತ್ತಿತ್ತು. ಸೇವಾ ವಲಯದಲ್ಲಿ ಎಸ್ ಪಾಸಿನ ಮಿತಿ ಶೇಕಡ 10, ಅಂದರೆ ಹತ್ತಕ್ಕೆ ಒಬ್ಬರು. ಸರಿಯಾಗಿ ಕುಳಿತಿತ್ತು.

2024ರ ಜುಲೈ 1ರಿಂದ ಅರ್ಹತಾ ಸಂಬಳ 1,600 ಡಾಲರ್ ಆಯಿತು, ಅರ್ಧ ತಲೆಯ ಗೆರೆ 800ಕ್ಕೆ ಏರಿತು. ಆ ನಾಲ್ವರೂ ಎಂದಿನಂತೆ ಬಂದು ಕೆಲಸ ಮಾಡುತ್ತಿದ್ದರೂ ಲೆಕ್ಕದಲ್ಲಿ ಒಬ್ಬರೂ ಉಳಿಯಲಿಲ್ಲ. ಹತ್ತು ಇದ್ದದ್ದು ಎಂಟಾಯಿತು. ಯಾರೂ ಕೆಲಸ ಬಿಟ್ಟಿರಲಿಲ್ಲವಾದ್ದರಿಂದ ನನಗೆ ಏನೂ ಕೆಟ್ಟಂತೆ ಕಾಣಲಿಲ್ಲ. ಭಟ್ಟರ ಪಾಸ್ ನವೀಕರಣಕ್ಕೆ ಕುಳಿತಾಗಲೇ ವಿಷಯ ಗೊತ್ತಾದದ್ದು. ತಕ್ಷಣ ನಾಲ್ವರಿಗೂ ಸಂಬಳ ಏರಿಸಿದೆ. ಆದರೆ ಕೋಟಾವನ್ನು ಹಿಂದಿನ ಮೂರು ತಿಂಗಳ ಸಿಪಿಎಫ್ (ಇಲ್ಲಿನ ಭವಿಷ್ಯನಿಧಿ) ಪಾವತಿಯ ಸರಾಸರಿಯ ಮೇಲೆ ಎಣಿಸುವುದರಿಂದ ಆ ಏರಿಕೆ ಸಮಯಕ್ಕೆ ಒದಗಲಿಲ್ಲ. ತಿಂಗಳಿಗೆ ಒಬ್ಬರಿಗೆ ಐವತ್ತು ಡಾಲರ್ ಹೆಚ್ಚು ಕೊಡಲು ಮರೆತದ್ದಕ್ಕೆ ಒಬ್ಬ ಒಳ್ಳೆಯ ಭಟ್ಟರನ್ನು ಊರಿಗೆ ಕಳಿಸಬೇಕಾಯಿತು.

ಬೇಸರದ ಸಂಗತಿಯೆಂದರೆ ಅದು ಗುಟ್ಟಿನಲ್ಲಿ ಬಂದ ನಿಯಮವಲ್ಲ. ಫೆಬ್ರವರಿಯ ಬಜೆಟ್‌ನಲ್ಲೇ ಘೋಷಣೆಯಾಗಿತ್ತು. ಇಲ್ಲಿನ ಬದಲಾವಣೆಗಳು ಬಹುಮಟ್ಟಿಗೆ ಫೆಬ್ರವರಿಯ ಬಜೆಟ್‌ನಲ್ಲೋ ಮಾರ್ಚ್‌ನಲ್ಲಿ ಮಾನವಶಕ್ತಿ ಸಚಿವಾಲಯದ ವೆಚ್ಚದ ಚರ್ಚೆ ನಡೆಯುವಾಗಲೋ ಹೊರಬಿದ್ದು, ಜಾರಿಗೆ ಬರುವುದು ಜುಲೈ, ಸೆಪ್ಟೆಂಬರ್ ಅಥವಾ ಮುಂದಿನ ಜನವರಿಯಲ್ಲಿ. ನಡುವೆ ಸಿಗುವ ಆ ನಾಲ್ಕಾರು ತಿಂಗಳೇ ನಿಮ್ಮ ಸಿದ್ಧತೆಯ ಕಾಲ.

ಉತ್ತರ 2: ಸಣ್ಣ ಅಂಗಡಿಗಳ ಲೆಕ್ಕ ಬರೆಯುವವರು

ನಿಮ್ಮ ಅಂಕಿಗಳನ್ನೇ ಹಿಡಿದು ಹೇಳುತ್ತೇನೆ. ಪೂರ್ಣಾವಧಿಯವರು ಒಂಬತ್ತು, ಅರ್ಧಾವಧಿಯ ಇಬ್ಬರು ಸೇರಿ ಒಂದು, ಹೊರಗಿನವರು ಮೂವರು, ಒಟ್ಟು 13. ಹೊಸಬರು ಬಂದರೆ 14. ಹೊರಗಿನವರ ಒಟ್ಟು ಮಿತಿ ಶೇಕಡ 35 ಇರುವುದರಿಂದ ನಾಲ್ವರವರೆಗೆ ಜಾಗವಿದೆ, ಅಲ್ಲಿ ತೊಂದರೆಯಿಲ್ಲ. ಬಿಗಿಯಿರುವುದು ಬೇರೆ ಕಡೆ. ಭಾರತದಿಂದ ವರ್ಕ್ ಪರ್ಮಿಟ್ ಮೇಲೆ ಅಡುಗೆಯವರನ್ನು ಕರೆಸುವ ಬಾಗಿಲು ತೆರೆದದ್ದು 2023ರ ಸೆಪ್ಟೆಂಬರ್ 1ರಂದು, ಅದೂ ಮೊದಲಿಗೆ ಭಾರತೀಯ ಹೋಟೆಲುಗಳಿಗೆ ಮಾತ್ರ. ಹೀಗೆ ಅನುಮತಿ ಕೊಟ್ಟ ಕೆಲಸಗಳ ಪಟ್ಟಿಯಡಿ ಬರುವವರಿಗೆ ತಿಂಗಳಿಗೆ ಕನಿಷ್ಠ 2,000 ಡಾಲರ್ ನಿಗದಿತ ಸಂಬಳ ಕೊಡಬೇಕು, ಅವರ ಸಂಖ್ಯೆ ಒಟ್ಟು ಕೆಲಸಗಾರರ ಶೇಕಡ 8ನ್ನು ದಾಟಬಾರದು. 14ಕ್ಕೆ ಶೇಕಡ 8 ಎಂದರೆ 1.12, ಒಬ್ಬರಿಗೆ ಸಾಕು. 13ಕ್ಕೆ 1.04, ಆಗಲೂ ಸಾಕು. 12ಕ್ಕೆ 0.96. ಅಂದರೆ ನಿಮ್ಮಲ್ಲಿ ಒಬ್ಬರು ಬಿಟ್ಟುಹೋದರೆ ತಡೆದುಕೊಳ್ಳಬಹುದು, ಇಬ್ಬರು ಹೋದರೆ ಊರಿಂದ ಬಂದ ಅಡುಗೆಯವರ ಮುಂದಿನ ನವೀಕರಣ ನಿಂತಿತು ಎಂದೇ ತಿಳಿಯಿರಿ.

ಆದ್ದರಿಂದ ಅರ್ಜಿಗಿಂತ ಮೊದಲು ಇನ್ನೊಬ್ಬ ಸ್ಥಳೀಯರನ್ನು ಪೂರ್ಣಾವಧಿಗೆ ತೆಗೆದುಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಖರ್ಚು ದಂಡವೆಂದು ನಿಮಗೆ ಅನಿಸಬಹುದು, ಆದರೆ ಮಲೇಷ್ಯಾದವರಲ್ಲದ ವರ್ಕ್ ಪರ್ಮಿಟ್ ಕೆಲಸಗಾರರಿಗಾಗಿ ತಲಾ ಕೊಡಬೇಕಾದ 5,000 ಡಾಲರ್ ಭದ್ರತಾ ಬಾಂಡ್, ವರ್ಷಕ್ಕೆ ಕನಿಷ್ಠ 60,000 ಡಾಲರ್ ರಕ್ಷಣೆಯ ವೈದ್ಯಕೀಯ ವಿಮೆ, ತಿಂಗಳ ಲೆವಿ (ವಿದೇಶಿ ಕೆಲಸಗಾರರಿಗಾಗಿ ಸರ್ಕಾರಕ್ಕೆ ಕಟ್ಟುವ ಶುಲ್ಕ) ಇವನ್ನೆಲ್ಲ ಹೊತ್ತು ಕರೆಸಿದವರನ್ನು ಅರ್ಧದಲ್ಲಿ ವಾಪಸು ಕಳಿಸುವುದಕ್ಕಿಂತ ಅದು ಅಗ್ಗ. ಸಿಪಿಎಫ್ ಹಣ ಮುಂದಿನ ತಿಂಗಳ 14ರೊಳಗೆ ಕಟ್ಟಿರಲಿ. ಎಸ್ ಪಾಸಿನ ಭಟ್ಟರ ವಿಷಯವನ್ನೂ ಈಗಲೇ ನೋಡಿಕೊಳ್ಳಿ. 2025ರ ಸೆಪ್ಟೆಂಬರ್‌ನಿಂದ ಹೊಸ ಅರ್ಜಿಗಳಿಗೆ ಆ ಪಾಸಿನ ಕನಿಷ್ಠ ಸಂಬಳ 3,300 ಡಾಲರ್ ಆಗಿದೆ, ವಯಸ್ಸಿನೊಂದಿಗೆ ಅದು ಏರುತ್ತದೆ, ಲೆವಿಯೂ 650 ಡಾಲರ್ ಆಗಿದೆ.

ಇನ್ನೊಂದು ಮಾತು ಹೇಳದೆ ಇರಲಾರೆ. ಪಿಆರ್ (ಶಾಶ್ವತ ನಿವಾಸದ ಹಕ್ಕು) ಇರುವ ಅತ್ತೆಯವರ ಹೆಸರನ್ನೋ ಭಾವನವರ ಹೆಸರನ್ನೋ ಸಂಬಳದ ಪಟ್ಟಿಗೆ ಸೇರಿಸಿ ತಲೆ ಹೆಚ್ಚಿಸಿಕೊಳ್ಳಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಕೆಲಸ ಮಾಡದವರನ್ನು ಕೋಟಾಕ್ಕಾಗಿ ತೋರಿಸುವುದು ಇಲ್ಲಿ ಅಪರಾಧ. ಅಂಥ ಲೆಕ್ಕವನ್ನು ನಾನಂತೂ ಬರೆಯುವುದಿಲ್ಲ.

ಉತ್ತರ 3: ವರ್ಕ್ ಪರ್ಮಿಟ್ ಮೇಲೆ ಬಂದ ಅಡುಗೆಯವರು

ಮಾಲೀಕರೇ, ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ನಾನು ಬರುವಾಗ ಊರಿನ ದಲ್ಲಾಳಿಯೊಬ್ಬರು ನನ್ನಿಂದ ಐದು ತಿಂಗಳ ಸಂಬಳಕ್ಕಿಂತ ಹೆಚ್ಚು ಹಣ ತೆಗೆದುಕೊಂಡರು. ಸಿಂಗಪುರದ ಏಜೆನ್ಸಿ ಕೆಲಸಗಾರನಿಂದ ಒಪ್ಪಂದದ ಒಂದು ವರ್ಷಕ್ಕೆ ಒಂದು ತಿಂಗಳ ಸಂಬಳದಂತೆ, ಹೆಚ್ಚೆಂದರೆ ಎರಡು ತಿಂಗಳ ಸಂಬಳ ಮಾತ್ರ ಪಡೆಯಬಹುದೆಂದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಸಾಲ ಹೊತ್ತು ಬಂದವನು ಯಾರಾದರೂ ನೂರು ಡಾಲರ್ ಹೆಚ್ಚು ಕೊಡುತ್ತೇನೆಂದರೆ ಎದ್ದುಹೋಗುತ್ತಾನೆ. ಆದ್ದರಿಂದ ನೀವು ಕರೆಸುವವರೊಂದಿಗೆ ನೀವೇ ಫೋನಿನಲ್ಲಿ ಮಾತನಾಡಿ, ಯಾರಿಗೆ ಎಷ್ಟು ಕೊಟ್ಟಿರಿ ಎಂದು ನೇರವಾಗಿ ಕೇಳಿ.

ಎರಡನೆಯದು, ಅಡುಗೆಮನೆ ಒಬ್ಬನ ಕೈಯಲ್ಲಿ ಇರಬಾರದು. ನಾನು ಮೆಂತ್ಯವನ್ನು ಹಿಡಿಯ ಲೆಕ್ಕದಲ್ಲಿ ಹಾಕುತ್ತಿದ್ದೆ. ನಮ್ಮ ಮಾಲೀಕರು ಒಂದು ದಿನ ತಕ್ಕಡಿ ತಂದಿಟ್ಟು, ನನ್ನ ಹಿಡಿಯಲ್ಲಿದ್ದದ್ದನ್ನು ತೂಗಿ, ಅಕ್ಕಿ, ಉದ್ದು, ಮೆಂತ್ಯ, ನೀರು, ಹಿಟ್ಟು ಹುದುಗಲು ಬಿಡುವ ಗಂಟೆ ಎಲ್ಲವನ್ನೂ ಬರೆದು ಗ್ರೈಂಡರ್ ಮೇಲಿನ ಗೋಡೆಗೆ ಅಂಟಿಸಿದರು. ಆಗ ನನಗೆ ಅವಮಾನವಾಗಿತ್ತು. ಕಳೆದ ವರ್ಷ ತಾಯಿಗೆ ಹುಷಾರಿಲ್ಲವೆಂದು ಹದಿನೈದು ದಿನ ಊರಿಗೆ ಹೋದಾಗ ಮಲೇಷ್ಯಾದ ಹುಡುಗ ಆ ಚೀಟಿ ನೋಡಿಕೊಂಡೇ ಹಿಟ್ಟು ತೆಗೆದ. ದೋಸೆಯ ಅಂಚು ಗರಿಯಾಗಿರಲಿಲ್ಲವಂತೆ, ಆದರೂ ಹೋಟೆಲ್ ಒಂದು ದಿನವೂ ಮುಚ್ಚಲಿಲ್ಲ.

2025ರ ಜುಲೈ 1ರಿಂದ ವರ್ಕ್ ಪರ್ಮಿಟ್‌ನವರು ಒಟ್ಟು ಇಷ್ಟೇ ವರ್ಷ ಇರಬೇಕೆಂಬ ಮಿತಿಯನ್ನು ತೆಗೆದು, 63 ವರ್ಷ ವಯಸ್ಸಿನವರೆಗೂ ದುಡಿಯಬಹುದೆಂದು ಮಾಡಿದ್ದಾರೆ. ಹಾಗಾಗಿ ಅನುಭವಸ್ಥರನ್ನು ವಯಸ್ಸಾಯಿತೆಂದು ಬಿಡಬೇಡಿ.

ಕೇಳಿದವರು:

ಮೂವರಿಗೂ ಧನ್ಯವಾದಗಳು. ನಿನ್ನೆ ಗಲ್ಲಾ ಮುಚ್ಚಿದ ಮೇಲೆ ಮೂರು ತಿಂಗಳ ಸಿಪಿಎಫ್ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತೆ. ಅರ್ಧಾವಧಿಯವರಲ್ಲಿ ಒಬ್ಬರು ಮಗಳ ಪರೀಕ್ಷೆಗೆಂದು ರಜೆ ಹಾಕಿದ್ದ ತಿಂಗಳು ಅವರ ಸಂಬಳ 780 ಡಾಲರ್‌ಗೆ ಇಳಿದಿದೆ. ನಾನು ಅವರನ್ನು ಅರ್ಧ ತಲೆಯೆಂದೇ ಎಣಿಸಿಕೊಂಡು ಕೂತಿದ್ದೆ. ಕುಂದಾಪುರದವರಿಗೆ ಮೂರು ತಿಂಗಳು ಕಾಯಲು ಹೇಳಿ, ಆ ಅಮ್ಮನವರಿಗೆ ಪೂರ್ಣಾವಧಿಗೆ ಬರುವಿರಾ ಎಂದು ಇವತ್ತು ಬೆಳಿಗ್ಗೆ ಕೇಳಿದ್ದೇನೆ. ಮನೆಯಲ್ಲಿ ವಿಚಾರಿಸಿ ಹೇಳುತ್ತೇನೆ ಎಂದಿದ್ದಾರೆ.